ಈ ಸ್ವರ ಯಾರದ್ದು?

ನಮ್ಮ ಬಜಪೆಯ ಕಡೆ ಮಗುವೊಂದು ಸ್ವಲ್ಪ ರಾಗವಾಗಿ ಹಾಡಿದರೆ ಸಾಕು, ಆ ಸ್ವರಕ್ಕೆ ಕೂಡಲೇ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ‘ಅಜ್ಜಿಯದ್ದೇ’ ಎಂದು ಒಬ್ಬರು, ‘ಅಲ್ಲ ಮಾರಾಯ್ರೆ, ಸೋದರಮಾವನದ್ದು, ಕಣ್ಣು ಮುಚ್ಚಿ ಕೇಳಿ’ ಎಂದು ಇನ್ನೊಬ್ಬರು. ಅಳಿಯಸಂತಾನದ ನಾಡಾದದ್ದರಿಂದಲೋ ಏನೋ, ಅಪ್ಪನ ಸರದಿ ಬರುವುದು ಕೊನೆಗೆ. ಅದೇ ಮಗು ಲೆಕ್ಕದಲ್ಲಿ ಹಿಂದೆ ಬಿದ್ದಿತೋ, ಯಾವ ಮಾವನೂ ಹಕ್ಕು ಸಾಧಿಸಲು ಬರುವುದಿಲ್ಲ. ಆಗ ಅದು ಪೂರ್ತಿ ಮಗುವಿನದ್ದೇ ಉದಾಸೀನ. ಬಂದ ಗುಣ ವಂಶದ ಖಾತೆಗೆ, ಬಾರದ್ದು ಸ್ವಂತ ಖಾತೆಗೆ. ಈ ಲೆಕ್ಕವನ್ನು ಯಾರೂ ಆಡಿಟ್ ಮಾಡಿದ್ದು ನಾನು ಕಂಡಿಲ್ಲ.

ಬಜಪೆ ಎಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. 1951ರಿಂದ ಇಲ್ಲಿ ವಿಮಾನ ಇಳಿಯುತ್ತಿದೆ. ಬೋರ್ಡಿನಲ್ಲಿ ಮಂಗಳೂರು ಎಂದಿದ್ದರೂ ಹಳಬರ ಬಾಯಲ್ಲಿ ಅದು ಇನ್ನೂ ಬಜಪೆ ಏರ್‌ಪೋರ್ಟೇ. ಆದರೆ ಯಕ್ಷಗಾನದ ಹುಚ್ಚು ಹತ್ತಿದವರಿಗೆ ಬಜಪೆ ಎಂದರೆ ಪಕ್ಕದ ತಲಕಳ, ತಲಕಳ ಎಂದರೆ ಲೀಲಾವತಿ ಬೈಪಾಡಿತ್ತಾಯರು. ವೃತ್ತಿಮೇಳದಲ್ಲಿ ಜಾಗಟೆ ಹಿಡಿದು ಆಟ ಆಡಿಸಿದ ಮೊದಲ ಮಹಿಳಾ ಭಾಗವತರು ಅವರು. 2024ರ ಡಿಸೆಂಬರ್ 14ರಂದು ತೀರಿಕೊಂಡರು. ಆಗ ಅವರಿಗೆ 77 ವರ್ಷ. ಅದರ ಹಿಂದಿನ ವರ್ಷವಷ್ಟೇ ರಾಜ್ಯೋತ್ಸವ ಪ್ರಶಸ್ತಿ ಬಂದಿತ್ತು.

ಅವರು ಹುಟ್ಟಿದ್ದು 1947ರಲ್ಲಿ, ಕಾಸರಗೋಡಿನ ಮಧೂರಿನಲ್ಲಿ. ಮೊದಲು ಕಲಿತದ್ದು ಶಾಸ್ತ್ರೀಯ ಸಂಗೀತ. ಮದುವೆಯಾದದ್ದು ಹರಿನಾರಾಯಣ ಬೈಪಾಡಿತ್ತಾಯರನ್ನು. ಅವರು ಹಿಮ್ಮೇಳದವರು, ಚೆಂಡೆ ಮದ್ದಳೆ ಎರಡರಲ್ಲೂ ಕೈ ಪಳಗಿದವರು. ಭಾಗವತಿಕೆಯ ಪಾಠ ಶುರುವಾದದ್ದು ಆಮೇಲೆ, ಗಂಡನಿಂದ. ಸಂಗೀತ ಬರುತ್ತಿದ್ದವರಿಗೆ ಭಾಗವತಿಕೆ ಸುಲಭ ಎಂದು ನಮಗೆ ತೋರಬಹುದು. ಕಲಿತವರು ಹೇಳುವುದು ಬೇರೆ. ಕಛೇರಿಯಲ್ಲಿ ಹಾಡುವವರಿಗಾಗಿ ಮೃದಂಗ ಕಾಯುತ್ತದೆ. ರಂಗಸ್ಥಳದಲ್ಲಿ ಪದ್ಯದ ಮೇಲೆ ವೇಷಧಾರಿ ಕಾಲಿಟ್ಟುಕೊಂಡು ನಿಂತಿರುತ್ತಾನೆ. ಅವನು ಕುಣಿಯಬೇಕು, ಅರ್ಥ ಹೇಳಬೇಕು. ರಾಗ ಎಷ್ಟು ಚಂದ ಎಂದು ಅಲ್ಲೇ ಸುತ್ತುತ್ತ ಕೂತರೆ ಅವನ ಕುಣಿತ ಸತ್ತಿತು. ಚೆಂಡೆ ಏರಿದಾಗ ಅದರ ಮೇಲೆ ಅಕ್ಷರ ಕೇಳಬೇಕು. ಮಾತು ಉದ್ದ ಎಳೆಯುವ ಕಲಾವಿದನನ್ನು ಮುಂದಿನ ಪದ್ಯ ಎತ್ತಿ ನಿಲ್ಲಿಸುವ ಧೈರ್ಯ ಬೇಕು. ಇಷ್ಟಾದ ಮೇಲೆ ಬೆಳಗಿನ ಜಾವಕ್ಕೂ ಸ್ವರ ಒಡೆಯಬಾರದು. ಕಛೇರಿಗೆ ತಿದ್ದಿದ ಗಂಟಲನ್ನು ಬಿಚ್ಚಿ ಇನ್ನೊಂದು ಕೆಲಸಕ್ಕೆ ತಿದ್ದಬೇಕು.

ಇನ್ನೊಂದು ತೊಡಕು ಶ್ರುತಿಯದ್ದು. ಮದ್ದಳೆ ನಿಲ್ಲುವುದು ಭಾಗವತರ ಶ್ರುತಿಗೆ. ತಲೆಮಾರುಗಳಿಂದ ಗಂಡು ಗಂಟಲಿಗೆ ಬಿಗಿದು ಬಂದ ವಾದ್ಯಗಳ ನಡುವೆ ಹೆಣ್ಣು ಕೂತಾಗ ಬರೀ ಹಾಡುವವರು ಬದಲಾದಂತಲ್ಲ, ಹಿಮ್ಮೇಳ ಪೂರ್ತಿ ತನ್ನನ್ನು ಹೊಂದಿಸಿಕೊಳ್ಳಬೇಕು. ರಾತ್ರಿಯ ತಿರುಗಾಟ, ಗಂಡಸರೇ ತುಂಬಿದ ಚೌಕಿ, ಊರೂರಿನ ಕುತೂಹಲದ ಕಣ್ಣು, ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟನ್ನು ದಾಟಿ ಅವರು ಹಾಡಿದರು, ತಲಕಳ ಮೇಳವೂ ಸೇರಿ ಹಲವು ಮೇಳಗಳಲ್ಲಿ ತಿರುಗಿದರು, ಗಂಡಹೆಂಡತಿ ಇಬ್ಬರೂ ಕೂತು ಅನೇಕರಿಗೆ ಕಲಿಸಿದರು.

ಇವರ ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟು ನೋಡದೆ ಇರಲು ನನಗೆ ಆಗುವುದಿಲ್ಲ. ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು 1938ರಲ್ಲಿ, ಅದೇ ಕಾಸರಗೋಡಿನ ಪಡ್ರೆಯಲ್ಲಿ. ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೇ, ಅವರೂ ಹೆಸರಾಂತ ಭಾಗವತರೇ. ಹೆಸರು, ಹಾಡುವ ಕ್ರಮ, ಏರುಶ್ರುತಿಯ ಗಟ್ಟಿ ಸ್ವರ ಮೂರೂ ಅಜ್ಜನಿಂದ ಮೊಮ್ಮಗನಿಗೆ ಬಂದವು. ಬಜಪೆಯಿಂದ ಅಷ್ಟೇನೂ ದೂರವಿಲ್ಲದ ಕಟೀಲಿನ ಮೇಳದಲ್ಲಿ ಅವರು ದಶಕಗಳ ಕಾಲ ಹಾಡಿದರು. ಪುಸ್ತಕ ನೋಡದೆ ಹಾಡುತ್ತಿದ್ದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಮಗ ಪ್ರಸಾದ ಬಲಿಪರೂ ಭಾಗವತರಾದರು. ‘ಬಲಿಪ ಶೈಲಿ’ ಎಂಬುದೇ ಒಂದು ಮನೆತನದ ಆಸ್ತಿಯಾಯಿತು. 2023ರ ಫೆಬ್ರವರಿ 16ರಂದು ಅವರು ತೀರಿಕೊಂಡಾಗ ‘ಇನ್ನು ಆ ಸ್ವರ ಇಲ್ಲ’ ಎಂದವರೇ ಹೆಚ್ಚು. ಮನುಷ್ಯ ಹೋದದ್ದು ಆಮೇಲಿನ ಮಾತು.

ಒಂದೇ ಸೀಮೆ, ಒಂಬತ್ತು ವರ್ಷದ ಅಂತರ, ಒಂದೇ ಕಲೆ. ಒಬ್ಬರಿಗೆ ಅದು ತೊಟ್ಟಿಲ ಬಳಿಯೇ ಇತ್ತು, ಇನ್ನೊಬ್ಬರಿಗೆ ಮದುವೆಯ ನಂತರ ಬಂತು. ರಕ್ತವೋ ಶ್ರಮವೋ ಎಂದು ಪಂದ್ಯ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ. ಆದರೆ ಈ ಜೋಡಿಯನ್ನು ನೋಡುತ್ತ ಕೂತರೆ ಪಂದ್ಯವೇ ಅನುಮಾನಕ್ಕೆ ಬೀಳುತ್ತದೆ.

ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷಿನವನಿದ್ದ, ಡಾರ್ವಿನ್ನನ ಸಂಬಂಧಿ. ಪ್ರತಿಭೆ ವಂಶದಲ್ಲಿ ಹರಿಯುತ್ತದೆ ಎಂದು 1869ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಇಂಗ್ಲೆಂಡಿನ ಪ್ರಸಿದ್ಧ ನ್ಯಾಯಾಧೀಶರು, ಸೇನಾಪತಿಗಳು, ವಿಜ್ಞಾನಿಗಳು, ಕವಿಗಳನ್ನೆಲ್ಲ ಪಟ್ಟಿ ಮಾಡಿ, ಅವರ ಅಪ್ಪ, ಮಗ, ಅಣ್ಣತಮ್ಮಂದಿರಲ್ಲಿ ಎಷ್ಟು ಮಂದಿ ಪ್ರಸಿದ್ಧರು ಎಂದು ಎಣಿಸಿದ. ಅವನೇನಾದರೂ ನೋಟ್‌ಬುಕ್ ಹಿಡಿದು ಕಟೀಲು ಜಾತ್ರೆಗೆ ಬಂದಿದ್ದರೆ ಬಲಿಪರ ಮನೆತನ ಕಂಡು ಕುಣಿದಾಡುತ್ತಿದ್ದ. ಹೆಣ್ಣುಮಕ್ಕಳ ಕಾಲಂ? ಅಲ್ಲಿ ಸೊನ್ನೆ. ಭಾಗವತಿಕೆಯ ಗುಣ ಹೆಣ್ಣಿಗೆ ಇಳಿಯುವುದಿಲ್ಲ ಎಂದು ಷರಾ ಬರೆದು ಮುಂದಿನ ಊರಿಗೆ ಹೊರಡುತ್ತಿದ್ದ. ಆದರೆ ಯಾವ ಭಾಗವತರ ಮಗಳಿಗೂ ಮಗನಷ್ಟೇ ಪಾಲು ಅಪ್ಪನಿಂದ ಬಂದಿರುತ್ತದೆ. ವಂಶವಾಹಿಗಳು ಗಂಡುಮಕ್ಕಳಿಗೆಂದು ಬೇರೆ ಉಯಿಲು ಬರೆಯುವುದಿಲ್ಲ. ಆ ಪಾಲು ಅಡುಗೆಮನೆಯಲ್ಲಿ, ನಾಟಿ ಗದ್ದೆಯಲ್ಲಿ, ಮಗುವನ್ನು ಮಲಗಿಸುವಾಗ ಖರ್ಚಾಗಿರಬೇಕು. ಎಷ್ಟು ತಲೆಮಾರು, ಎಷ್ಟು ಗಂಟಲು ಎಂದು ಯೋಚಿಸಿದರೆ ತಲೆ ತಿರುಗುತ್ತದೆ.

ಹುಟ್ಟಿನಿಂದ ಬಂದದ್ದು ಎನ್ನುವ ಮಾತೂ ಕಾಣುವಷ್ಟು ಸರಳವಿಲ್ಲ. ಜರ್ಮನಿಯ ಸಂಶೋಧಕರು 2009ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಹುಟ್ಟಿ ಕೆಲವೇ ದಿನಗಳಾದ ಫ್ರೆಂಚ್ ಮತ್ತು ಜರ್ಮನ್ ಶಿಶುಗಳ ಅಳುವನ್ನು ಅವರು ರೆಕಾರ್ಡ್ ಮಾಡಿ ಹೋಲಿಸಿದ್ದರು. ಫ್ರೆಂಚ್ ಶಿಶುಗಳ ಅಳು ಹೆಚ್ಚಾಗಿ ಕೆಳಗಿನಿಂದ ಮೇಲೇರುತ್ತದೆ, ಜರ್ಮನ್ ಶಿಶುಗಳದ್ದು ಮೇಲಿನಿಂದ ಇಳಿಯುತ್ತದೆ; ಆಯಾ ಭಾಷೆಯ ಮಾತಿನ ಏರಿಳಿತವೂ ಹಾಗೆಯೇ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕೇಳಿಸಿಕೊಂಡ ಅಮ್ಮನ ಮಾತಿನ ಧಾಟಿ ಮೊದಲ ಅಳುವಿಗೇ ಅಂಟಿಕೊಂಡಿರುತ್ತದೆ. ಹಾಗಾದರೆ ತೊಟ್ಟಿಲ ಕೂಸು ಕೂಡ ಪಾಠ ಮುಗಿಸಿಕೊಂಡೇ ಬಂದದ್ದು! ಭಾಗವತರ ಮನೆಯಲ್ಲಿ ಬಸುರಿ ಸೊಸೆ ಪಡಸಾಲೆಯ ಮದ್ದಳೆ ಕೇಳುತ್ತಿರುವಾಗ ಒಳಗೊಂದು ಕಿವಿ ತೆರೆದಿತ್ತು. ಅಜ್ಜನ ಸ್ವರ ಮೊಮ್ಮಗನಿಗೆ ಬಂದ ದಾರಿ ಬರೀ ರಕ್ತನಾಳದ್ದೇ ಎಂದು ಯಾವ ಧೈರ್ಯದಲ್ಲಿ ಹೇಳೋಣ?

ಸ್ವರವನ್ನು ಅಳೆಯಲು ಟೇಪು ಇಲ್ಲ, ವೇಗಕ್ಕೆ ಉಂಟು. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು 142.50 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಮೊಬೈಲಿನಲ್ಲಿ ಭಾಗಿಸಿ ನೂರು ಮೀಟರಿಗೆ 9.55 ಎಂದು ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಮಾಡಿದ್ದು 9.58. ದೇಶಕ್ಕೆ ದೇಶವೇ ಎದ್ದು ಕೂತಿತು. ಕಟ್ಟಡ ಕೆಲಸ ಮಾಡುವ ಯುವಕ, ಬರಿಗಾಲು, ಕೆಸರು! ಕೇಂದ್ರದ ಕ್ರೀಡಾ ಸಚಿವರು ಬೆಂಗಳೂರಿನ ಟ್ರ್ಯಾಕಿಗೆ ಕರೆದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿ ಆ ಲೆಕ್ಕವನ್ನೂ ಮೀರಿಸಿದರು. ಮಿಜಾರಿನ ಗೌಡರು ಟ್ರ್ಯಾಕಿನ ಪರೀಕ್ಷೆಗೆ ಹೋಗಲಿಲ್ಲ. ಟ್ರ್ಯಾಕಿನಲ್ಲಿ ಓಡುವುದು ಕಾಲಬೆರಳ ಮೇಲೆ, ಕಂಬಳದಲ್ಲಿ ಹಿಮ್ಮಡಿಯ ಮೇಲೆ; ಅರ್ಧ ಓಟ ಕೋಣದ್ದು ಎಂಬ ಮಾತು ಬಂತು. ‘ಸಿಕ್ಕಿದ ಅವಕಾಶ ಬಿಟ್ಟ’ ಎಂದವರು ಬಹಳ.

ಹಿಮ್ಮಡಿ, ಕೋಣದ ಆ ಮಾತು ನನಗೆ ಯಾವ ಪ್ರಯೋಗಾಲಯದ ಉತ್ತರಕ್ಕೂ ಕಡಿಮೆಯದ್ದಾಗಿ ಕಾಣಲಿಲ್ಲ. ಕರೆಯ ಬದಿಯಲ್ಲಿ ನಿಂತು ನೋಡಿದವರಿಗೆ ಅದು ಗೊತ್ತು. ಓಟ ಶುರುವಾಗುವ ಗಂತಿನಲ್ಲಿ ನಾಲ್ಕಾರು ಜನ ಒತ್ತಿ ಹಿಡಿದ ಕೋಣಗಳನ್ನು ಬಿಟ್ಟ ಕ್ಷಣ ಓಟಗಾರನ ಮೈ ಹಿಂದಕ್ಕೆ ವಾಲುತ್ತದೆ. ಒಂದು ಕೈಯಲ್ಲಿ ಹಗ್ಗವೋ ನೇಗಿಲೋ, ಇನ್ನೊಂದರಲ್ಲಿ ಬೆತ್ತ. ಹಿಮ್ಮಡಿ ಕೆಸರಿಗೆ ಹೂತು ಎದ್ದು ಬರುವ ಹೊತ್ತಿಗೆ ಕೋಣ ಮುಂದಿನ ಹೆಜ್ಜೆಗೆ ಎಳೆದಾಗಿರುತ್ತದೆ. ಎಳೆತಕ್ಕೆ ಸಡಿಲ ಬಿಟ್ಟರೆ ಮುಗ್ಗರಿಸುತ್ತಾನೆ, ಬಿಗಿ ಹಿಡಿದರೆ ಕೋಣಗಳ ಜೋಡಿ ತಪ್ಪುತ್ತದೆ. ಕರೆಯ ಕೊನೆಯ ಮಂಜೊಟ್ಟಿ ಮುಟ್ಟುವ ತನಕ ಅಲ್ಲಿ ಓಡುವುದು ಹತ್ತು ಕಾಲು. ಆ ಹತ್ತರಿಂದ ಎಂಟನ್ನು ಕಳೆದು, ನೀರನ್ನೂ ಕೆಸರನ್ನೂ ಒರೆಸಿ, ಉಳಿದ ಎರಡಕ್ಕೆ ಒಲಿಂಪಿಕ್ಸ್ ಎಷ್ಟು ಎಂದು ಕೇಳಿದರೆ ಆ ಮನುಷ್ಯ ಏನೆಂದಾನು?

ರಕ್ತ ನೋಡಿ ಓಟಗಾರರನ್ನು ಹುಡುಕಿದ ಪ್ರಯತ್ನವೂ ನಮ್ಮಲ್ಲೇ ನಡೆದಿದೆ. 1987ರಲ್ಲಿ, ಮಂಗಳೂರಿನವರೇ ಆದ ಮಾರ್ಗರೆಟ್ ಆಳ್ವ ಕ್ರೀಡಾ ಖಾತೆಯಲ್ಲಿದ್ದಾಗ, ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಕಾಡಂಚಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕದ ಮೂಲ, ಹಾಗಾಗಿ ಓಡುತ್ತಾರೆ ಎಂಬುದು ತರ್ಕ. ಕಮಲಾ ಸಿದ್ದಿಯಂಥ ಹರ್ಡಲ್ಸ್ ಓಟಗಾರ್ತಿ ಅಲ್ಲಿಂದ ಬಂದರು. 1993ರ ಹೊತ್ತಿಗೆ ಯೋಜನೆ ನಿಂತಿತು, ಮಕ್ಕಳು ಮನೆಗೆ ಮರಳಿದರು. ಬೋಲ್ಟನ ಜಮೈಕಾದಲ್ಲಿ ಶಾಲಾ ಮಕ್ಕಳ ಓಟದ ದೊಡ್ಡ ಕೂಟ 1910ರಿಂದ ನಡೆದುಬಂದಿದೆ. ಕ್ರೀಡಾಂಗಣ ತುಂಬಿ ಜನ ಕಿರುಚುತ್ತಾರೆ, ನಮ್ಮ ಕಂಬಳದ ರಾತ್ರಿಗೆ ಸೇರುವ ಜನದಂತೆ. ಅಲ್ಲಿ ನೂರು ವರ್ಷ, ಇಲ್ಲಿ ಆರು. ಸೋತದ್ದು ಸಿದ್ದಿಗಳ ರಕ್ತ ಎಂದು ಯಾರಾದರೂ ಬರೆದರೆ ನನಗೆ ಕೋಪ ಬರುತ್ತದೆ.

ಹಾಗೆಂದು ವಂಶವೇ ಸುಳ್ಳು, ಸಾಧನೆಯೇ ಎಲ್ಲ ಎಂದು ಭಾಷಣ ಬಿಗಿಯುವವರ ಜತೆಗೂ ನಾನಿಲ್ಲ. 2022ರಲ್ಲಿ ವಿಜ್ಞಾನಿಗಳು 54 ಲಕ್ಷ ಜನರ ವಂಶವಾಹಿ ತಾಳೆನೋಡಿ, ಮನುಷ್ಯನ ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಗುರುತುಗಳನ್ನು ಪತ್ತೆಮಾಡಿದರು. ಎತ್ತರದಂಥ ಒಂದು ಅಳತೆಗೇ ಇಷ್ಟು. ಹಾಡಿಗೆ, ಲೆಕ್ಕಕ್ಕೆ, ಧೈರ್ಯಕ್ಕೆ ಎಷ್ಟೋ. ಹೊಟ್ಟೆ ತುಂಬ ಉಣ್ಣುವ ಸಮಾಜಗಳಲ್ಲಿ ಜನರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇ. 80ರಷ್ಟು ವಂಶದ್ದು ಎನ್ನುತ್ತಾರೆ. ಆ ‘ಉಣ್ಣುವ’ ಎಂಬ ಮಾತನ್ನು ಬಿಟ್ಟು ಓದಿದರೆ ಎಲ್ಲ ಕೆಟ್ಟಿತು.

ಬಜಪೆಯ ಸುತ್ತ ಇನ್ನೂ ಅಲ್ಲಿಲ್ಲಿ ಗದ್ದೆ ಉಳಿದಿದೆ. ಬೆಟ್ಟು, ಮಜಲು, ಬೈಲು ಎಂದು ಮೂರು ಬಗೆ. ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದು ಬೆಳೆ, ನೀರು ನಿಲ್ಲುವ ಬೈಲಿನಲ್ಲಿ ಮೂರರ ತನಕ. ಒಂದೇ ಚೀಲದ ಭದ್ರ ತಳಿಯ ಬೀಜವನ್ನು ಬೆಟ್ಟಿಗೂ ಬೈಲಿಗೂ ಹಾಕಿದರೆ ಫಸಲಿನ ವ್ಯತ್ಯಾಸ ಪೂರ್ತಿ ಮಣ್ಣುನೀರಿನದ್ದು. ಹತ್ತು ತಳಿ ಕಲಸಿ ಒಂದೇ ಬೈಲಿಗೆ ಎರಚಿದರೆ ವ್ಯತ್ಯಾಸ ಪೂರ್ತಿ ಬೀಜದ್ದು. ಬೀಜ ಮುಖ್ಯವೋ ಗದ್ದೆ ಮುಖ್ಯವೋ ಎಂದು ಬೇಸಾಯದವರನ್ನು ಕೇಳಿದರೆ ‘ಎಂಥದ್ದು ಮಾರಾಯ’ ಎಂದು ನಕ್ಕಾರು; ಯಾವ ಗದ್ದೆ, ಯಾವ ವರ್ಷ ಎಂದು ತಿರುಗಿ ಕೇಳಿಯಾರು. ನನಗೆ ಬೆರಗಾಗುವುದು ಇದರ ಮುಂದಿನ ಹೆಜ್ಜೆಗೆ. ಎಲ್ಲ ಮಕ್ಕಳಿಗೂ ಒಂದೇ ತರಹದ ಊಟ, ಶಾಲೆ, ಗುರು ಸಿಕ್ಕಿದ ದಿನ, ಉಳಿಯುವ ವ್ಯತ್ಯಾಸವೆಲ್ಲ ಬೀಜದ್ದೇ ಆಗಿ ಕಾಣುತ್ತದೆ. ಅಂದರೆ ಸಮಾನತೆ ಹೆಚ್ಚಿದಷ್ಟೂ ವಂಶದ ಪಾಲು ಏರುತ್ತದೆ! ರಕ್ತದ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡಲು ಯಾರಿಗಾದರೂ ನಿಜವಾದ ಹಕ್ಕು ಸಿಗುವುದಿದ್ದರೆ ಅದು ಅನ್ಯಾಯವೆಲ್ಲ ಮುಗಿದ ಮೇಲೆ.

ಬೀಜದ ಪಾಲು, ಗದ್ದೆಯ ಪಾಲು ಎಂದು ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಬಲಿಪರ ಪಡ್ರೆಯೇ ಸಾಕ್ಷಿ. ಎಣ್ಮಕಜೆ ಪಂಚಾಯತಿನ ಈ ಹಳ್ಳಿಯ ಗುಡ್ಡಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಮಾತು ಬಾರದ, ನಡೆಯಲಾಗದ, ಬೆಳವಣಿಗೆ ನಿಂತ ಮಕ್ಕಳು ಮನೆಮನೆಯಲ್ಲಿ. ದೈವದ ಮುನಿಸು ಎಂದುಕೊಂಡವರಿದ್ದರು. ಊರಿನ ವೈದ್ಯ ಡಾ. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಬೆನ್ನು ಹತ್ತಿದ ಮೇಲೆ ಬೆರಳು ಆಕಾಶದ ಕಡೆ ತಿರುಗಿತು. ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಬಲಿಪರ ಸ್ವರ ಹುಟ್ಟಿದ ಹಳ್ಳಿಯಲ್ಲೇ, ಒಂದೆರಡು ತಲೆಮಾರಿನ ಈಚೆಗೆ, ಮಕ್ಕಳ ಬಾಯಿ ಕಟ್ಟಿತು. ವಂಶದಲ್ಲಿ ಏನೇ ಇದ್ದಿರಲಿ, ಎಷ್ಟೇ ಶ್ರಮಪಡಲಿ, ಆ ಮಕ್ಕಳಿಗೆ ಎರಡೂ ಒದಗಲಿಲ್ಲ.

ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ ಇದು ತಿರುವುಮುರುವು. ಅಲ್ಲಿ 1970ರ ದಶಕದಲ್ಲಿ ಸೊಂಟ, ಮಂಡಿಯ ಕೀಲು ಸವೆದು ನಡೆಯಲಾಗದವರು ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಬಡವರು, ಗದ್ದೆಯ ಏಡಿ ತಿನ್ನುವವರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈ ಸೇರಿರಬೇಕು ಎಂದು ಮೊದಲು ಅನುಮಾನಪಟ್ಟರು. ಮುಂದಿನ ಸಂಶೋಧನೆ ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕಾಯಿಲೆ ಎಂದು ಕಂಡುಕೊಂಡಿತು. ಒಂದು ಕಡೆ ದೈವದ ಕೋಪ ಎಂದದ್ದು ವಿಷವಾಯಿತು, ಇನ್ನೊಂದು ಕಡೆ ವಿಷ ಎಂದದ್ದು ವಂಶವಾಯಿತು. ಕಣ್ಣೆದುರಿನ ಕಾಲು ನೋವಿಗೇ ನಮ್ಮ ಊಹೆ ಹೀಗೆ ಅಡಿಮೇಲಾಗುವುದಾದರೆ, ಮೂರನೇ ಕ್ಲಾಸಿನ ಹುಡುಗಿಯನ್ನು ತೋರಿಸಿ ‘ಇವಳ ತಲೆಗೆ ಹತ್ತುವುದಿಲ್ಲ, ಇವರ ಮನೆಯವರೇ ಹಾಗೆ’ ಎನ್ನುವ ಮಾತಿಗೆ ಎಷ್ಟು ಬೆಲೆ ಕೊಡಬೇಕು?

ಈಗ ಕಾವ್ಯಶ್ರೀ ಆಜೇರು, ಭವ್ಯಶ್ರೀ ಕುಲ್ಕುಂದ ಇವರೆಲ್ಲ ತೆಂಕುತಿಟ್ಟಿನಲ್ಲಿ ಹಾಡುತ್ತಾರೆ. ಹೆಣ್ಣು ಭಾಗವತಿಕೆ ಮಾಡುವುದು ಸುದ್ದಿಯೇ ಅಲ್ಲ ಎಂಬಷ್ಟು ರೂಢಿಯಾಗಿದೆ. ಜಾಗಟೆ ಹಿಡಿಯಲು ಕಲಿಯುತ್ತಿರುವ ಚಿಕ್ಕ ಹುಡುಗಿಯರೂ ಇದ್ದಾರೆ. ಇನ್ನೊಂದು ಐವತ್ತು ವರ್ಷ ಬಿಟ್ಟು ಗಾಲ್ಟನ್ನನಂಥವನೊಬ್ಬ ಬಂದರೆ ತಾಯಿ, ಮಗಳು, ಮೊಮ್ಮಗಳು ಎಂದು ಸಾಲಾಗಿ ತುಂಬಲು ಹೆಸರು ಸಿಕ್ಕಾವು. ಅವನು ಖುಷಿಯಾಗಿ ‘ಭಾಗವತಿಕೆ ತಾಯಿಯ ರಕ್ತದಲ್ಲಿ ಹರಿಯುತ್ತದೆ’ ಎಂದು ಬರೆದುಕೊಳ್ಳುತ್ತಾನೆ, ಮತ್ತು ಅದು ಸುಳ್ಳೂ ಆಗಿರಲಿಕ್ಕಿಲ್ಲ. ಆದರೆ ಹಿಂದೊಮ್ಮೆ ಗಂಡನೊಬ್ಬ ಹೆಂಡತಿಯನ್ನು ಎದುರು ಕೂರಿಸಿಕೊಂಡು ತಾಳ ಹೇಳಿಕೊಟ್ಟದ್ದನ್ನು ಯಾವ ಕಾಲಂನಲ್ಲಿ ಹಾಕುತ್ತಾನೋ ನೋಡಬೇಕು.